ಆ ಫೋಟೊ ಯಾಕೆ ಹಾಕುತ್ತಿಲ್ಲ ಅಂದರೆ...

ನಮಸ್ಕಾರ ಮೇಡಂ,

ನಿಮ್ಮ ನಾಲ್ಕು ಪುಟದ ಕಾಗದ ತಲುಪಿತು, ಜೊತೆಗಿಟ್ಟ ಫೋಟೊ ಕೂಡ. ಇಡೀ ಕಾಗದ ಹಾಕಲು ಇಲ್ಲಿ ಜಾಗವಿಲ್ಲ. ಉಳಿದ ಓದುಗರಿಗಾಗಿ ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ನೀವು ತಿಪಟೂರಿನ ತಂಗಿ ಮನೆಯಿಂದ ಬಸ್ಸಿನಲ್ಲಿ ತುಮಕೂರಿಗೆ ಬಂದಿರಿ. ಇಳಿದು ಆಟೊ ಹತ್ತುವಾಗ ನೋಡಿದರೆ ಪರ್ಸ್ ಇಲ್ಲ. ಅದರಲ್ಲಿ 6,200 ರೂಪಾಯಿ, ಆಧಾರ್ ಕಾರ್ಡು, ಬಿ.ಪಿ. ಮಾತ್ರೆಯ ಚೀಟಿ, ಬೀರುವಿನ ಬೀಗದ ಕೈ. ಬಸ್ಸು ಆಗಲೇ ಬೆಂಗಳೂರಿನ ದಾರಿ ಹಿಡಿದಿತ್ತು. ನೀವು ಬಿಟ್ಟ ಕಿಟಕಿ ಸೀಟಿಗೆ ಬಂದು ಕೂತವರು ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಮೂಟೆ ಹೊರುವ ಹಮಾಲಿ. ಮಗಳನ್ನು ನೋಡಲು ಹೊರಟಿದ್ದರು. ಪರ್ಸ್ ಅವರ ಕೈಗೆ ಸಿಕ್ಕಿತು. ಆಧಾರ್‌ನಲ್ಲಿ ವಿಳಾಸವಿತ್ತು, ಫೋನ್ ನಂಬರ್ ಇರಲಿಲ್ಲ. ತಡಕಾಡಿದಾಗ ಮೆಡಿಕಲ್ ಸ್ಟೋರಿನ ಬಿಲ್ಲು ಸಿಕ್ಕಿತು. ಅದರ ಮೇಲಿನ ನಂಬರಿಗೆ ಫೋನ್ ಮಾಡಿದರೆ ಅಂಗಡಿಯವರು, "ಅಯ್ಯೋ, ಅದು ನಮ್ಮ ಟೀಚರ್‌ದು" ಎಂದರು. ಆ ಮನುಷ್ಯ ಡಾಬಸ್‌ಪೇಟೆಯಲ್ಲಿ ಇಳಿದು, ವಾಪಸ್ ಬರುವ ಬಸ್ಸು ಹಿಡಿದು, ಮೆಡಿಕಲ್ ಸ್ಟೋರಿನ ಮುಂದೆ ನಿಮ್ಮ ಕೈಗೆ ಪರ್ಸ್ ಕೊಟ್ಟರು. ನೀವು 500 ರೂಪಾಯಿ ಕೊಡಲು ಹೋದರೆ ಮುಟ್ಟಲಿಲ್ಲ. ಒಂದು ಟೀ ಕುಡಿದು ಮತ್ತೆ ಬೆಂಗಳೂರು ಬಸ್ಸು ಹತ್ತಿದರು.

ಅವರ ಹೆಸರು, ಫೋಟೊ ಹಾಕಿ, "ಪ್ರಾಮಾಣಿಕತೆ ಮೆರೆದ ಹಮಾಲಿ" ಎಂದು ಪ್ರಕಟಿಸಿ ಅನ್ನುವುದು ನಿಮ್ಮ ಕೋರಿಕೆ.

ಹಾಕುತ್ತಿಲ್ಲ ಮೇಡಂ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಫೋಟೊ ವಿಷಯ. ಅವರು ಪರ್ಸ್ ಕೊಟ್ಟಾದ ಮೇಲೆ, ಮೆಡಿಕಲ್ ಸ್ಟೋರಿನ ಹುಡುಗನ ಕೈಗೆ ಮೊಬೈಲ್ ಕೊಟ್ಟು, "ಇನ್ನೊಂದು ಸಲ ಕೊಡಿ" ಅಂತ ಅವರನ್ನು ನಿಲ್ಲಿಸಿ ತೆಗೆಸಿದ್ದೇನೆ ಎಂದು ನೀವೇ ಬರೆದಿದ್ದೀರಿ. ಫೋಟೊದಲ್ಲಿ ಅದು ಕಾಣುತ್ತದೆ. ನೀವು ಕ್ಯಾಮೆರಾ ನೋಡಿ ನಗುತ್ತಿದ್ದೀರಿ. ಅವರು ಎರಡೂ ಕೈಯಲ್ಲಿ ಪರ್ಸ್ ಹಿಡಿದಿದ್ದಾರೆ, ಕಣ್ಣು ಮಾತ್ರ ರಸ್ತೆ ಕಡೆಗಿದೆ. ಬಸ್ಸು ಬಂತಾ ಅಂತ ನೋಡುತ್ತಿದ್ದರೇನೋ. "ಪೇಪರ್‌ಗೆಲ್ಲ ಯಾಕಮ್ಮ" ಅಂದರಂತೆ. ಅದೂ ನಿಮ್ಮ ಕಾಗದದಲ್ಲೇ ಇದೆ. ಬೇಡ ಅಂದವರ ಫೋಟೊ ನಾನು ಹೇಗೆ ಹಾಕಲಿ?

ಎರಡನೆಯದು ಆ ತಲೆಬರಹ. ಇಷ್ಟು ವರ್ಷದ ಕೆಲಸದಲ್ಲಿ ನಾನೇ ಎಷ್ಟೋ ಸಲ ಅದನ್ನು ಬರೆದಿದ್ದೇನೆ. ಪ್ರಾಮಾಣಿಕತೆ ಮೆರೆದ ಆಟೊ ಚಾಲಕ, ಪ್ರಾಮಾಣಿಕತೆ ಮೆರೆದ ಕಂಡಕ್ಟರ್, ಪ್ರಾಮಾಣಿಕತೆ ಮೆರೆದ ಪೌರಕಾರ್ಮಿಕ. "ಪ್ರಾಮಾಣಿಕತೆ ಮೆರೆದ ಬ್ಯಾಂಕ್ ಮ್ಯಾನೇಜರ್" ಅಂತ ಬರೆದ ನೆನಪು ಮಾತ್ರ ಇಲ್ಲ. ಮ್ಯಾನೇಜರು ಯಾರದೋ ಪರ್ಸ್ ವಾಪಸ್ ಕೊಟ್ಟರೆ ನಮಗೆ ಅದು ಸುದ್ದಿಯೇ ಅಲ್ಲ, ಅಲ್ವಾ? ಹಮಾಲಿ ಕೊಟ್ಟರೆ ಸುದ್ದಿ. ಅಂದರೆ ಇಟ್ಟುಕೊಳ್ಳುತ್ತಾನೆ ಅಂತ ನಾವು ಮೊದಲೇ ಅಂದುಕೊಂಡಿರುತ್ತೇವೆ. "ಮೆರೆದ" ಅನ್ನುವ ಮಾತಂತೂ ಇನ್ನೂ ಕೆಟ್ಟದ್ದು. ಆತ ಮೆರೆಯಲಿಲ್ಲ, ಟೀ ಕುಡಿದು ಹೋದ.

ಅವರ ಮುಂದೆಯೇ ದುಡ್ಡು ಎಣಿಸಿಬಿಟ್ಟೆ, ಆಮೇಲೆ ರಾತ್ರಿಯೆಲ್ಲ ನಾಚಿಕೆಯಾಯಿತು ಎಂದಿದ್ದೀರಿ. ಅದನ್ನು ಬಿಟ್ಟುಬಿಡಿ. ಅವರೇ "ಎಣಿಸ್ಕೊಳಿ" ಅಂದಿದ್ದರಲ್ಲ. ಎಣಿಸದಿದ್ದರೆ, ಆಮೇಲೆ ಎಲ್ಲೋ ಖರ್ಚಾದ ನೂರು ರೂಪಾಯಿ ಅವರ ತಲೆಗೆ ಸುತ್ತಿಕೊಳ್ಳುತ್ತಿತ್ತು. ಮೂಟೆ ಲೆಕ್ಕದಲ್ಲಿ ಬದುಕುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

"ಈ ಕಾಲದಲ್ಲೂ ಇಂಥವರು ಇದ್ದಾರಲ್ಲ!" ಎಂದು ಕೊನೆಯಲ್ಲಿ ಬರೆದಿದ್ದೀರಿ. ಇದ್ದಾರೆ, ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದ್ದಾರೆ. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಭಾರತವೂ ಸೇರಿ 40 ದೇಶಗಳ 355 ಊರುಗಳಲ್ಲಿ, ಬ್ಯಾಂಕು, ಹೋಟೆಲು, ಅಂಚೆ ಕಚೇರಿಯಂಥ ಕಡೆ 17 ಸಾವಿರಕ್ಕೂ ಜಾಸ್ತಿ ಪರ್ಸುಗಳನ್ನು "ರಸ್ತೆಯಲ್ಲಿ ಸಿಕ್ಕಿತು" ಅಂತ ಕೌಂಟರಿನಲ್ಲಿ ಕೊಟ್ಟು ಹೋದರು. ಅಲ್ಲಿನವರು ವಾರಸುದಾರರಿಗೆ ತಿಳಿಸುತ್ತಾರಾ ಅಂತ ನೋಡುವುದು ಉದ್ದೇಶ. ದುಡ್ಡಿಲ್ಲದ ಪರ್ಸುಗಳಲ್ಲಿ ಶೇ 40ರಷ್ಟಕ್ಕೆ ಉತ್ತರ ಬಂತು. ದುಡ್ಡಿದ್ದವಕ್ಕೆ ಶೇ 51. ಮೂರು ದೇಶಗಳಲ್ಲಿ ದೊಡ್ಡ ಮೊತ್ತ ಇಟ್ಟು ನೋಡಿದರೆ ಶೇ 72! ದುಡ್ಡು ಜಾಸ್ತಿಯಾದಷ್ಟೂ ಮರಳಿಸುವವರೂ ಜಾಸ್ತಿ. ಮೊದಲೇ ಕೇಳಿದಾಗ ಅರ್ಥಶಾಸ್ತ್ರಜ್ಞರೂ ಹೀಗಾಗುತ್ತದೆ ಅಂತ ಊಹಿಸಿರಲಿಲ್ಲವಂತೆ.

ನನಗೆ ಹೆಚ್ಚು ಹಿಡಿಸಿದ್ದು ಬೀಗದ ಕೈಯ ವಿಷಯ. ಆ ಪರ್ಸುಗಳಲ್ಲಿ ಒಂದು ಬೀಗದ ಕೈಯನ್ನೂ ಇಟ್ಟಿದ್ದರು. ಅದು ಸಿಕ್ಕವರಿಗೆ ಮೂರು ಕಾಸಿನ ಉಪಯೋಗವಿಲ್ಲದ್ದು, ಕಳೆದುಕೊಂಡವರಿಗೆ ಮಾತ್ರ ಬೇಕಾದದ್ದು. ಕೈ ಇದ್ದ ಪರ್ಸುಗಳು ಇಲ್ಲದವಕ್ಕಿಂತ ಜಾಸ್ತಿ ವಾಪಸ್ ಬಂದವು. ಇದನ್ನು ಓದಿ ನಿಮ್ಮ ಕಾಗದಕ್ಕೆ ಮರಳಿದೆ. "ಕಂಡಕ್ಟರ್ ಕೈಗೆ ಕೊಟ್ಟಿದ್ದರೆ ಆಗ್ತಿತ್ತಲ್ಲ" ಅಂತ ನೀವು ಕೇಳಿದ್ದಕ್ಕೆ ಅವರು ಹೇಳಿದ್ದು: "ಕೊಡಬಹುದಿತ್ತು. ಮಾತ್ರೆ ಚೀಟಿ ಇತ್ತಲ್ಲ, ಇವತ್ತೇ ಬೇಕಾಗುತ್ತೇನೋ ಅನ್ನಿಸ್ತು."

ಇಲ್ಲಿ ನನ್ನದೂ ಒಂದು ಕತೆ ಹೇಳಬೇಕು. ಹೇಳಿಕೊಳ್ಳುವಂಥದ್ದೇನಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾತ್ರಿ ಪಾಳಿ ಮುಗಿಸಿ ಸಿಟಿ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದೆ. ಎದುರು ಸೀಟಿನ ಕೆಳಗೆ ಕಂದು ಬಣ್ಣದ ಪರ್ಸ್ ಬಿದ್ದಿತ್ತು. ಅಂಚು ಸವೆದಿತ್ತು. ಬಾಗಿದರೆ ಸಿಗುತ್ತಿತ್ತು. ಮುಟ್ಟಿದರೆ "ನೀನೇ ಕದ್ದೆ" ಅಂದುಬಿಟ್ಟರೆ? ಸ್ಟೇಷನ್ನು, ಹೇಳಿಕೆ, ಅಲೆದಾಟ ಯಾರಿಗೆ ಬೇಕು? ನನ್ನ ಸ್ಟಾಪ್ ಬಂತು, ಇಳಿದೆ. ಕಂಡಕ್ಟರಿಗೆ ಒಂದು ಮಾತು ಕೂಡ ಹೇಳಲಿಲ್ಲ. ನಾನು ಕದಿಯಲಿಲ್ಲ, ನಿಜ. ಆದರೆ ನಿಮ್ಮ ಹಮಾಲಿಯವರ ಪಕ್ಕ ನಿಲ್ಲುವ ಯೋಗ್ಯತೆಯೂ ನನಗಿಲ್ಲ.

ಸುಮ್ನೆ ಕುತೂಹಲಕ್ಕೆ ಕಾನೂನಿನ ಪುಸ್ತಕವನ್ನೂ ತೆಗೆದು ನೋಡಿದೆ. ಸಿಕ್ಕಿದ ಪರ್ಸ್ ಯಾರದೆಂದು ಗೊತ್ತಾದ ಮೇಲೂ ಬಳಸಿಕೊಂಡರೆ ಅಪರಾಧ. ಹಳೆಯ ದಂಡ ಸಂಹಿತೆಯ 403ರಲ್ಲಿ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 314ರಲ್ಲಿದೆ. ಇದು ನಿಮಗೂ ಗೊತ್ತಿರಬಹುದು. ಗೊತ್ತಿರಲಿಕ್ಕಿಲ್ಲದ್ದು 1872ರ ಕರಾರು ಕಾಯ್ದೆಯ 168ನೇ ಸೆಕ್ಷನ್ನು. ವಸ್ತು ಸಿಕ್ಕವರು ಅದನ್ನು ಕಾಪಾಡಲು, ಮಾಲೀಕರನ್ನು ಹುಡುಕಲು ತಾವಾಗಿ ಮಾಡಿದ ಖರ್ಚಿಗಾಗಿ ಕೋರ್ಟಿಗೆ ಹೋಗುವ ಹಾಗಿಲ್ಲ. ಆದರೆ ಆ ಖರ್ಚು ಕೊಡುವವರೆಗೂ ವಸ್ತುವನ್ನು ತಮ್ಮ ಬಳಿಯೇ ಇಟ್ಟುಕೊಳ್ಳಬಹುದು!

ಈಗ ಲೆಕ್ಕ ಹಾಕಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಹೆಣ್ಣುಮಕ್ಕಳಿಗೆ ಶೂನ್ಯ ದರದ ಟಿಕೆಟ್. ನೀವು ಆ ದಿನ ಬಸ್ಸಿಗೆ ಒಂದು ರೂಪಾಯಿ ಕೊಟ್ಟಿಲ್ಲ. ಅವರು ಡಾಬಸ್‌ಪೇಟೆಯಿಂದ ತುಮಕೂರಿಗೆ ಒಂದು, ಅಲ್ಲಿಂದ ಬೆಂಗಳೂರಿಗೆ ಮತ್ತೊಂದು ಟಿಕೆಟ್ ತೆಗೆಸಿದ್ದಾರೆ. ನೀವು 500 ಕೊಟ್ಟಿದ್ದು ಬಹುಮಾನ ಅಂತ. ಬಹುಮಾನ ಬೇಡ ಅನ್ನಬಹುದು. ಬಸ್ ಚಾರ್ಜ್ ಅನ್ನಿ, ಲೆಕ್ಕ ಹಾಕಿ ಚಿಲ್ಲರೆ ಸಮೇತ ಕೊಡಿ. ತೆಗೆದುಕೊಳ್ಳುತ್ತಾರೆ ಅಂತ ನನ್ನ ಅಂದಾಜು. ಮುಂದಿನ ಸಲ ತಂಗಿ ಮನೆಗೆ ಹೋದಾಗ ಯಾರ್ಡಿಗೂ ಹೋಗಿ ಬನ್ನಿ, ಏನಂದರು ಅಂತ ಬರೆಯಿರಿ. ಕ್ಯಾಮೆರಾ ಬೇಡ.

ಇನ್ನೊಂದು ಮಾತು, ಎಲ್ಲ ಓದುಗರಿಗೂ. ಟಿಕೆಟ್ಟನ್ನು ಮುದುಡಿ ಎಸೆಯಬೇಡಿ, ಶೂನ್ಯ ಟಿಕೆಟ್ ಆದರೂ ಸರಿ. ಏನಾದರೂ ಕಳೆದರೆ ಯಾವ ಬಸ್ಸು ಅಂತ ಹುಡುಕಲು ಅದೇ ಆಧಾರ. ಪರ್ಸಿನಲ್ಲಿ ಫೋನ್ ನಂಬರ್ ಬರೆದ ಒಂದು ಚೀಟಿ ಇರಲಿ.

ಇದನ್ನು ಬರೆಯುತ್ತಾ ನನ್ನ ಪರ್ಸನ್ನೂ ಮೇಜಿನ ಮೇಲೆ ಸುರಿದೆ. ಎರಡು ಎಟಿಎಂ ಕಾರ್ಡು, ಅವಧಿ ಮುಗಿದ ಪ್ರೆಸ್ ಕಾರ್ಡು, ಧರ್ಮಸ್ಥಳದ ಪ್ರಸಾದದ ಪೊಟ್ಟಣ, ಹಿಂದೆ "7 ರೂ. ಕೊಡಬೇಕು" ಅಂತ ಕಂಡಕ್ಟರ್ ಬರೆದ ಹಳೆಯ ಟಿಕೆಟ್ಟು. ನನ್ನ ಫೋನ್ ನಂಬರ್ ಎಲ್ಲೂ ಇರಲಿಲ್ಲ.

ನಿಮ್ಮ,
ಸಂಪಾದಕ