ಆಲಿಸ್ ಪುಸ್ತಕದಾಗ ಅಂಥಾದ್ದೇನೈತ್ರಿ, ಜನ ಇಷ್ಟ ಹಚ್ಚಿಕೊಂಡಾರ?

ನೀವು ಕೇಳಿದ್ದು ಇದು: "ಆಲಿಸ್ ಇನ್ ವಂಡರ್‌ಲ್ಯಾಂಡ್ ನಾನು 30 ದಾಟಿದ ಮೇಲೆ ಮೊದಲ ಸಲ ಓದಿದೆ. ಕಥೆ ಅಂತ ಏನೂ ಇಲ್ಲ, ನೀತಿ ಇಲ್ಲ, ಕೊನೆಗೆ ಎಲ್ಲಾ ಕನಸು ಅಂತ ಮುಗಿಸಿಬಿಡ್ತಾರೆ. ಇದಕ್ಕೆ ಜನ ಯಾಕೆ ಈ ಪರಿ ಹುಚ್ಚಾಗ್ತಾರೆ? 9 ವರ್ಷದ ಮಗಳಿಗೆ ಓದಿಸಬಹುದಾ?"

ನೋಡ್ರಿ, ನೀವು ಹೇಳಿದ್ದು ಮೂರೂ ಖರೇನ. ಕತಿ ಇಲ್ಲ, ನೀತಿ ಇಲ್ಲ, ಮತ್ತ ಆ ಕನಸಿನ ಮ್ಯಾಲೆ ನನಗೂ ಸಿಟ್ಟೈತಿ, ಅದನ್ನ ಆಮ್ಯಾಲೆ ಹೇಳ್ತೀನಿ. ನಾ ಬಾಗಲಕೋಟ್ಯಾಂವ, ಹೈಸ್ಕೂಲಿನ್ಯಾಗ ಗಣಿತ ಕಲಸ್ತೀನಿ, ಸಾಹಿತ್ಯದ ಪಂಡಿತ ಅಲ್ಲ. ಆದ್ರ ಈ ಒಂದು ಪುಸ್ತಕದ ಜೋಡಿ 30 ವರ್ಷದ ಸಂಬಂಧ ಐತಿ, ಅದಕ್ಕ ಉದ್ದ ಬರದ್ರ ಬೇಜಾರ ಮಾಡ್ಕೋಬ್ಯಾಡ್ರಿ.

ನಾ ಏಳನೇತ್ತಾ ಇದ್ದಾಗ ನಮ್ಮ ಕಾಕಾ ಅಡತಿ ಅಂಗಡ್ಯಾಗ ದಿವಾನಜಿ ಇದ್ದ. ಬಿಎ ತನಕ ಓದಿದ್ದ, ಇಂಗ್ಲಿಷ್ ಬರ್ತಿತ್ತು, ರದ್ದಿ ಅಂಗಡಿಗೆ ಹೋಗಿ ಕಿಲೋ ಲೆಕ್ಕದಾಗ ಪುಸ್ತಕ ತರೂ ಚಟ ಇತ್ತು. ಹಂಗ ಒಂದಿನ ತಂದಿದ್ದರಾಗ ಇದೂ ಬಂತು. ರಟ್ಟಿಲ್ಲ, ಹೆಸರಿಲ್ಲ, ಮೊದಲಿನ ಹಾಳಿ ಒಂದಿಷ್ಟು ಇಲ್ಲ, ಕಡೀ ಹಾಳಿ ಅಂತೂ ಇಲ್ಲೇ ಇಲ್ಲ. ಅಂದ್ರ ಶುರು ಆಗೂದ ಎಲ್ಲಿಂದ ಅಂದ್ರ, ಒಬ್ಬಾಕಿ ಹುಡುಗಿ ತನ್ನ ಕಣ್ಣೀರಿನ ಹೊಂಡದಾಗ ತಾನ ಈಸಾಕತ್ಯಾಳ, ಬಾಜೂಕ ಒಂದು ಇಲಿ ಈಸಾಕತ್ತೈತಿ. ಅಷ್ಟ. ಅಕಿ ಯಾರು, ಇಲ್ಲಿಗೆ ಹೆಂಗ ಬಂದ್ಲು, ಯಾಕ ಅಷ್ಟ ಅತ್ತಿದ್ಲು, ಒಂದೂ ಗೊತ್ತಿಲ್ಲ. ಮೊಲದ ಹಿಂದ ಓಡಿ ಬಿಲದಾಗ ಬಿದ್ದಿದ್ದು ಅಂತಾರಲ್ಲ, ಇಡೀ ಜಗತ್ತಿಗೆ ಗೊತ್ತಿರೂ ಆ ಬಿಲಾನ ನನ್ನ ಪುಸ್ತಕದಾಗ ಇರಲಿಲ್ರಿ.

ಕಾಕಾ ರಾತ್ರಿ ಊಟ ಆದ ಮ್ಯಾಲೆ ಅಂಗಳದಾಗ ಹಾಸಿಗಿ ಹಾಸ್ಕೊಂಡು ಇಂಗ್ಲಿಷ್ ಸಾಲ ಮನಸಿನ್ಯಾಗ ಓದಿ ನಮ್ಮ ಭಾಷಾದಾಗ ಹೇಳ್ತಿದ್ದ. ಆ ತೊಯ್ದ ಪ್ರಾಣಿಗಳೆಲ್ಲಾ ಮೈ ಒಣಗಿಸ್ಕೊಳ್ಳಾಕ ಗೋಲ ಓಡ್ತಾವಲ್ಲ, ಡೋಡೋ ಪಕ್ಷಿ ಹೇಳಿಕೊಟ್ಟ ರೇಸು, ಅದನ್ನ ಕಾಕಾ ಹೇಳಿದ್ದು "ಹೋಳಿ ಬಣ್ಣ ಆಡಿ ಬಂದು ಹಲಗಿ ಬಡಕೋತ ಒಣಗಾಕತ್ತ ಮಂದಿ" ಅಂತ. ಬಾಗಲಕೋಟಿ ಹೋಳಿ ನೋಡಿದವ್ರಿಗೆ ಹೇಳೂದ ಬ್ಯಾಡ, ಬಂಡ್ಯಾಗ ಬ್ಯಾರಲ್ ಇಟಗೊಂಡು ದಿನಗಟ್ಲೆ ಬಣ್ಣ ಉಗ್ಗೂ ಊರದು, ನಮಗ ಆ ದೃಶ್ಯ ಒಂದು ಕ್ಷಣದಾಗ ತಿಳದಬಿಡ್ತು. ರೇಸಿನ್ಯಾಗ ಎಲ್ಲಾರೂ ಗೆದ್ದಾರ ಅಂತ ತೀರ್ಪು ಕೊಟ್ಟು ಆಲಿಸ್‌ಳ ಕಿಸೆದಾಗಿನ ಮಿಠಾಯಿನ ಎಲ್ಲಾರಿಗೂ ಹಂಚಿ, ಕಡೀಗೆ ಅಕಿ ಕಡೇನ ಇದ್ದ, ಹೊಲಿಯೂ ಮುಂದ ಬೆರಳಿಗೆ ಹಾಕ್ಕೊಳ್ಳೂ ಟೊಪಗಿನ ಅಕಿಗೇ ಬಹುಮಾನ ಅಂತ ಗಂಭೀರಾಗಿ ಕೊಡ್ತಾವು. ಅಕಿಗೆ ನಗು ಬರ್ತದ ಆದ್ರ ಯಾರೂ ನಗದ ಇದ್ದದ್ದಕ್ಕ ತಾನೂ ನಗಂಗಿಲ್ಲ. ಕಾಕಾ ಇಲ್ಲಿ ನಿಲ್ಲಿಸಿ, "ನಮ್ಮ ಕಡೆ ಸನ್ಮಾನ ಹಿಂಗ ನೋಡಪಾ, ನಮ್ಮ ರೊಕ್ಕದ ಶಾಲು ನಮಗ ಹೊದಸ್ತಾರ" ಅಂದಿದ್ದ. ಅದರ ಅರ್ಥ ನನಗ ಆಗಿದ್ದು ನೌಕರಿ ಸೇರಿದ ಮ್ಯಾಲೆ.

ಡಚೆಸ್ ಮನ್ಯಾಗ ಅಡಗಿಯಾಕಿ ಮೆಣಸು ಸುರದು ಸುರದು ಎಲ್ಲಾರೂ ಸೀನೂದು, ಅದಂತೂ ನಮ್ಮ ಮನ್ಯಾಗ ಖಾರ ಕುಟ್ಟೂ ದಿನಾನ. ಬೆಕ್ಕು ಮಾಯ ಆಗಿ ಹಲ್ಲ ಕಿಸದದ್ದಷ್ಟ ಗಿಡದ ಮ್ಯಾಲೆ ಉಳೀತು ಅಂದಾಗ ನನ್ನ ತಂಗಿ ಹೆದರಿ ಅವ್ವನ ಕಡೆ ಓಡಿದ್ಲು. ಮಾತ್ ಮಾತಿಗೆ "ತಲಿ ಹಾರಸ್ರಿ!" ಅನ್ನೂ ರಾಣಿ ಕಾಕಾನ ಬಾಯಾಗ ಗೌಡಶಾನಿ ಆಗಿದ್ಲು. ಕಡೀ ಹಾಳಿನ್ಯಾಗ ಮಾಕ್ ಟರ್ಟಲ್ ಅನ್ನೂ ಒಂದು ಆಮಿ ಬಂಡೆಗಲ್ಲಿನ ಮ್ಯಾಲೆ ಕುಂತು ಅಳಾಕತ್ತಿತ್ತು, ಅಲ್ಲಿಗೆ ಪುಸ್ತಕ ಖಲಾಸ್. ಮುಂದ ಏನಾತು ಕಾಕಾ ಅಂದ್ರ, "ಅಳಾಕತ್ತೈತಲ್ಲ, ಅಳೂದು ಮುಗೀಲಿ" ಅಂದ.

ಹಿಂಗಾಗಿ ನನಗ ಆಲಿಸ್ ಅಂದ್ರ ಹುಟ್ಟೂ ಇಲ್ಲ ಸಾವೂ ಇಲ್ಲ, ಬರೇ ನಡು. ಧಾರವಾಡದಾಗ ಬಿ.ಎಡ್ ಓದೂ ಮುಂದ ಲೈಬ್ರರಿಯೊಳಗ ಪೂರ್ತಿ ಪುಸ್ತಕ ಸಿಕ್ಕು, ಒಂದ ಮಧ್ಯಾಹ್ನಕ್ಕ ಓದಿ ಮುಗಿಸಿ, ಕಡೀಗೆ ಅಕ್ಕನ ತೊಡಿ ಮ್ಯಾಲೆ ತಲಿ ಇಟಗೊಂಡು ಎಚ್ಚರಾದ್ಲು, ಎಲ್ಲಾ ಕನಸು ಅಂತ ಬಂದಾಗ ನಿಮಗ ಹೆಂಗ ಮೋಸ ಅನಿಸ್ತೋ ನನಗೂ ಹಂಗ ಅನಿಸ್ತು, ಅಲ್ಲ ನಿಮಗಿಂತ ಹೆಚ್ಚ ಅನಿಸ್ತು ಯಾಕಂದ್ರ ನಾ ಹತ್ತು ವರ್ಷ ಅದು ಖರೇನ ಅಂತ ತಿಳಕೊಂಡು ಓಡ್ಯಾಡಿದಾಂವ. ಆ ಕಡೀ ಎರಡ ಪುಟ ನಾ ಇವತ್ತಿಗೂ ಮನಸಿನ್ಯಾಗ ಹರದ ಒಗದೀನಿ.

ಆದ್ರ ಪುಸ್ತಕ ಹುಟ್ಟಿದ್ದು ಹೆಂಗ ಅಂತ ತಿಳದ ಮ್ಯಾಲೆ ಸಿಟ್ಟು ಸ್ವಲ್ಪ ಇಳೀತು. ಲೂಯಿಸ್ ಕ್ಯಾರಲ್ ಅನ್ನೂದು ಬರೇ ಬರಿಯೂ ಹೆಸರು, ಖರೇ ಹೆಸರು ಚಾರ್ಲ್ಸ್ ಡಾಡ್ಜ್‌ಸನ್, ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ್ಯಾಗ ಗಣಿತದ ಮಾಸ್ತರ (ಅದಕ್ಕ ನನಗ ಸ್ವಲ್ಪ ಪಕ್ಷಪಾತ ಐತಿ ಅಂತ ತಿಳ್ಕೋರಿ). 1862ರ ಜುಲೈ 4ಕ್ಕ ಅಂವ ಮತ್ತ ಅಂವನ ಗೆಳೆಯ ಡಕ್‌ವರ್ತ್ ಕೂಡಿ ಲಿಡೆಲ್ ಮನೆತನದ ಮೂರು ಹುಡುಗ್ಯಾರನ್ನ ಕರಕೊಂಡು ಥೇಮ್ಸ್ ನದ್ಯಾಗ ದೋಣಿ ಹುಟ್ಟು ಹಾಕೋತ ಗಾಡ್‌ಸ್ಟೋ ಅನ್ನೂ ಹಳ್ಳಿ ಕಡೆ ಹೊಂಟಿದ್ರು. ಹುಡುಗ್ಯಾರು ಕತಿ ಹೇಳ್ರಿ ಅಂತ ಗಂಟ ಬಿದ್ರು. ಮುಂದ ಏನ ಆಗತೈತಿ ಅಂತ ತನಗ ಒಂಚೂರೂ ಗೊತ್ತಿಲ್ಲದನ ನಾಯಕಿನ ಮೊಲದ ಬಿಲದಾಗ ದೂಡಿದೆ ಅಂತ ಅಂವನ ಮುಂದ ಬರಕೊಂಡಾನ. ತಿಳೀತ್ರಿ? ಹೇಳಾಂವಗೂ ಗೊತ್ತಿರಲಿಲ್ಲ. ನಡಕಿನ ಹುಡುಗಿ ಆಲಿಸ್, ಆಗ 10 ವರ್ಷದಾಕಿ, ಬರದು ಕೊಡ್ರಿ ಅಂದ್ಲಂತ, ಅಂವ ಕೈಲೇ ಬರದು ತಾನ ಚಿತ್ರ ತಗದು 1864ರ ನವೆಂಬರ್‌ದಾಗ ಕೊಟ್ಟ. ಅಚ್ಚಾಗಿದ್ದು 1865ರಾಗ, ಜಾನ್ ಟೆನಿಯಲ್ ಅವರ 42 ಚಿತ್ರ ಹಾಕಿ.

ನಾ ಹೇಳೂದು ಇಷ್ಟರಿ, ಅದು ಬಾಯಾಗ ಹುಟ್ಟಿದ ಕತಿ. ನೀವು ಅದನ್ನ ಸುಮ್ಮ ಕುಂತು, ಮುಂದ ಏನಾಗತೈತಿ ಅಂತ ಕಾದು, ಕಣ್ಣಿಲೇ ಓದೀರಿ. ಅದು ಕಿವಿಲೇ ಓದೂ ಪುಸ್ತಕ. ನಮ್ಮ ಕಾಕಾ ಇರಲಿಲ್ಲಂದ್ರ ನಾನೂ ಎರಡ ಪುಟಕ್ಕ ಇಟ್ಟಬಿಡ್ತಿದ್ನೇನೋ.

ಇನ್ನ ನೀತಿ ವಿಷಯ. 9ನೇ ಅಧ್ಯಾಯದಾಗ ಆ ಡಚೆಸ್ ಬಂದು ತನ್ನ ಚೂಪ ಗದ್ದ ಆಲಿಸ್‌ಳ ಹೆಗಲ ಮ್ಯಾಲೆ ಊರಿ, ಎಲ್ಲಾದಕ್ಕೂ ಒಂದು ನೀತಿ ಇದ್ದ ಇರತೈತಿ, ಹುಡಕಬೇಕಷ್ಟ ಅಂತಾಳ. ಫ್ಲೆಮಿಂಗೊ ಹಕ್ಕಿನೂ ಕಚ್ಚತೈತಿ ಸಾಸಿವಿನೂ ಕಚ್ಚತೈತಿ, ಅದಕ್ಕೂ ಒಂದು ನೀತಿ ಹೇಳ್ತಾಳ. ಆ ಗದ್ದ ಚುಚ್ಚೂದು ಆಲಿಸ್‌ಗೆ ಎಷ್ಟ ತ್ರಾಸ ಆಕ್ಕೈತಿ ಅನ್ನೂದನ್ನ ಬರದಾಂವಗ ಮರಿಯಂಗಿಲ್ಲ. ಆಗಿನ ಇಂಗ್ಲೆಂಡಿನ್ಯಾಗ ಹುಡುಗ್ರಿಗೆ ನೀತಿ ಪದ್ಯ ಬಾಯಿಪಾಠ ಮಾಡಸ್ತಿದ್ರು. ದುಡಿಯೂ ಜೇನಹುಳದ ಪದ್ಯ ಇತ್ತು, ಐಸಾಕ್ ವಾಟ್ಸ್ ಅನ್ನಾಂವ ಬರದದ್ದು. ಆಲಿಸ್ ಅದನ್ನ ಹೇಳಾಕ ಹೋದ್ರ ಬಾಯಾಗ ಬರೂದು ಮೊಸಳಿ ಪದ್ಯ, ನಕ್ಕೋತ ಮೀನಾ ನುಂಗೂ ಮೊಸಳಿ. ಆಗಿನ ಹುಡುಗ್ರು ಬಿದ್ದ ಬಿದ್ದ ನಕ್ಕಿರ್ತಾರ್ರಿ, ನಾವೂ ಶಾಲ್ಯಾಗ ಪದ್ಯ ತಿರುಚಿ ಮಾಸ್ತರ ಹೆಸರು ಸೇರಿಸಿ ಹಾಡಿ ಛಡಿ ಏಟ ತಿಂದವ್ರನ ಅಲ್ಲೇನ? ಆದ್ರ ಮೂಲ ಪದ್ಯ ಗೊತ್ತಿಲ್ಲದ ನಮಗ ನಿಮಗ ಆ ನಗು ಬರಂಗಿಲ್ಲ, ಇದು ಪುಸ್ತಕದ ತಪ್ಪೂ ಅಲ್ಲ ನಿಮ್ಮ ತಪ್ಪೂ ಅಲ್ಲ. ಮಾತಿನ ಆಟಾನೂ ಹಂಗ, ಅನುವಾದದಾಗ ಅರ್ಧಕ್ಕರ್ಧ ಸಾಯ್ತಾವು.

ಅದಕ್ಕ ಕನ್ನಡಕ್ಕ ಇದನ್ನ "ಪಾತಾಳದಲ್ಲಿ ಪಾಪಚ್ಚಿ" ಅಂತ ತಂದವ್ರು ನಾ. ಕಸ್ತೂರಿ ಅನ್ನೂದು ನನಗ ಭಾಳ ಸರಿ ಅನಸ್ತೈತಿ. ಕೊರವಂಜಿ ಅನ್ನೂ ನಗೆ ಪತ್ರಿಕೆಗೆ ಬರೀತಿದ್ದವ್ರು, ಪದಗಳಿಗೆಲ್ಲಾ ಉಲ್ಟಾ ಅರ್ಥ ಕೊಟ್ಟು "ಅನರ್ಥಕೋಶ" ಮಾಡಿದವ್ರು, ಮತ್ತ ಮನಿ ಮಾತು ಮಲಯಾಳಂ! ಹೊರಗಿಂದ ಬಂದು ಕಲತ ಭಾಷಾದ ಜೋಡಿನ ಮನಶ್ಯಾ ಹಿಂಗ ಆಟ ಆಡ್ತಾನೇನೋ, ನಮಗ ಹುಟ್ಟಿಂದ ಬಂದದ್ದಕ್ಕ ಕಿಮ್ಮತ್ತ ಇಲ್ಲ. ನನಗೂ ಒಂದ ಸಲ ಇಂಥಾ ಅದೃಷ್ಟ ಹತ್ತೇತಿ. ಆ ಇಲಿ ತನ್ನ ಕತಿ ಹೇಳೂ ಜಾಗಾದಾಗ ಇಂಗ್ಲಿಷಿನ್ಯಾಗ ಕತಿ ಮತ್ತ ಬಾಲ ಎರಡಕ್ಕೂ ಉಚ್ಚಾರ ಒಂದ, ಅದಕ್ಕ ಕತಿನ ಬಾಲದಂಗ ಸೊಟ್ಟಸೊಟ್ಟ ಅಚ್ಚು ಹಾಕ್ಯಾರ. ನಮ್ಮ ಸೊಸಿಗೆ, ಅಂದ್ರ ಅಕ್ಕನ ಮಗಳಿಗೆ, ಹೇಳೂ ಮುಂದ ನನ್ನ ಬಾಯಿಂದ ತಾನ ಬಂತು, "ಇದು ಇಲಿದ ಬಾಲಕಥೆ" ಅಂತ. ಅಕಿ ಇಲಿ ಬಾಲ ನೋಡಿ, ತನ್ನ ಶಾಲಿ ಬಾಲಕಥೆ ಪುಸ್ತಕ ನೋಡಿ, ಅರ್ಧ ತಾಸು ನಕ್ಕಳು. ಕನ್ನಡ ಇಂಥಾದ್ದೊಂದು ಪುಗಸಟ್ಟೆ ಕೊಟ್ರ ಬಿಡಬಾರದರಿ.

ಗಣಿತದ್ದೂ ಒಂದ ಹೇಳಿಬಿಡ್ತೀನಿ, ತಡಿಯಾಕ ಆಗವಲ್ದು. 2ನೇ ಅಧ್ಯಾಯದಾಗ ಆಲಿಸ್ ತಾನು ತಾನ ಹೌದೋ ಅಲ್ಲೋ ಅಂತ ನೋಡಾಕ ಮಗ್ಗಿ ಹೇಳ್ತಾಳ: ನಾಕೈದ್ಲೆ ಹನ್ನೆರಡು, ನಾಕಾರ್ಲೆ ಹದಿಮೂರು, ಹಿಂಗಾದ್ರ ನಾ ಇಪ್ಪತ್ತು ಮುಟ್ಟಂಗಿಲ್ಲ ಬಿಡು ಅಂತಾಳ. ತಪ್ಪಂತ ನಕ್ಕು ಮುಂದ ಹೋಗ್ತೀವಿ. ಆದ್ರ ನಾವು ಹತ್ತರ ಗುಂಪು ಮಾಡಿ ಎಣಿಸ್ತೀವಲ್ಲ, ಹಂಗ ಹದಿನೆಂಟರ ಗುಂಪು ಮಾಡಿದ್ರ 20 ಅಂದ್ರ ಒಂದು ಗುಂಪು ಮ್ಯಾಲೆ ಎರಡು, ಬರಿಯೂದು 12. ಇಪ್ಪತ್ತೊಂದರ ಗುಂಪಿನ್ಯಾಗ 24 ಬರದ್ರ 13. ಹಿಂಗ ಮೂರು ಮೂರು ಏರಿಸಿಕೋತ ಹೋದ್ರ 4×12 ತನಕ ಸರಿಯಾಗಿ 19 ಬರತೈತಿ, 4×13ಕ್ಕ ಮುರದು ಬೀಳತೈತಿ, ಇಪ್ಪತ್ತು ಬರೂದ ಇಲ್ಲ! ಓದುಗ್ರು ಕುಂತು ಇದನ್ನ ಲೆಕ್ಕ ಹಾಕಿ ತಗದಾರ ಅಂದ್ರ ಅವರ ಹುಚ್ಚು ಎಂಥಾದ್ದಿರಬೇಕು. ನಾ ಇದನ್ನ ಒಂಬತ್ತನೇತ್ತಾ ಹುಡುಗ್ರಿಗೆ ಬೋರ್ಡಿನ ಮ್ಯಾಲೆ ಮಾಡಿ ತೋರಸ್ತೀನಿ, ಹಿಂದಿನ ಬೆಂಚಿನವ್ರೂ ಎದ್ದ ನಿಂತ ನೋಡ್ತಾರ.

ಹುಡುಗ್ರಿಗೆ ಯಾಕ ಸೇರತೈತಿ ಅಂದ್ರ ನನ್ನ ಪ್ರಕಾರ ಕಾರಣ ಒಂದ. ಆ ಪುಸ್ತಕದಾಗ ದೊಡ್ಡವ್ರೆಲ್ಲಾ ತಲಿಕೆಟ್ಟವ್ರು, ಶ್ಯಾಣ್ಯಾಕಿ ಅಂದ್ರ ಅಕಿ ಒಬ್ಬಾಕಿನ. ಎಲ್ಲಾರೂ ಅಕಿಗೆ ಹುಕುಂ ಮಾಡ್ತಾರ, ಪದ್ಯ ಹೇಳು ಅಂತಾರ, ಸಿಟ್ಟಿಗೇಳಬ್ಯಾಡ ಅಂತಾರ. ಅಕಿ ಮೊದಲು ಬಾಳ ಮರ್ಯಾದಿಲೇ ಇರ್ತಾಳ, ಬರಬರ್ತ ತಿರುಗಿ ಮಾತಾಡಾಕ ಶುರು ಮಾಡ್ತಾಳ. ಕಡೀಗೆ ಕೋರ್ಟಿನ್ಯಾಗ (ರಾಣಿ ಮಾಡಿದ ಟಾರ್ಟ್ ಅನ್ನೂ ಸಿಹಿ ತಿನಿಸು ಕಳುವಾದ ಕೇಸು, ನಮ್ಮ ಸೊಸಿಗೆ ಹೇಳೂ ಮುಂದ ಕಳುವಾಗಿದ್ದು ಅಮೀನಗಡ ಕರದಂಟು) ರಾಜ ಒಂದು ರೂಲ್ ಓದ್ತಾನ, 42ನೇ ನಿಯಮ, ಒಂದು ಮೈಲಿಗಿಂತ ಎತ್ತರ ಇದ್ದವ್ರು ಕೋರ್ಟ್ ಬಿಟ್ಟು ಹೋಗಬೇಕು. ಇದನ್ನ ಈಗ ಮಾಡೀರಿ ಅಂತಾಳ ಆಲಿಸ್. ಇಲ್ಲ, ಇದ ಎಲ್ಲಾಕ್ಕಿಂತ ಹಳೇ ರೂಲು ಅಂತಾನ ರಾಜ. ಹಂಗಾದ್ರ ಅದು ಒಂದನೇ ನಂಬರ್ ಇರಬೇಕಿತ್ತಲ್ಲ, ಅಂತಾಳ ಅಕಿ. ರಾಜನ ಮಾರಿ ಸಪ್ಪಗಾಗತೈತಿ. ರಾಣಿ ಮೊದಲ ಶಿಕ್ಷಾ ಆಮ್ಯಾಲೆ ತೀರ್ಪು ಅಂದಾಗ ಅಕಿ ಒದರೇ ಬಿಡ್ತಾಳ, ನಿಮಗ್ಯಾರ ಅಂಜತಾರ, ನೀವೆಲ್ಲಾ ಬರೇ ಇಸ್ಪೀಟ್ ಎಲಿ! ಅಂತ. ದೊಡ್ಡವ್ರ ಮುಂದ ಹಿಂಗ ಅನ್ನಬೇಕು ಅಂತ ಯಾ ಹುಡುಗಗ ಅನಿಸಿಲ್ಲ ಹೇಳ್ರಿ. ನನಗ ಮಾಸ್ತರ ಆದ ಮ್ಯಾಲೂ ಮೀಟಿಂಗಿನ್ಯಾಗ ದಿನಾ ಅನಸತೈತಿ.

ಎಲ್ಲಾನೂ ಚಂದ ಅಂತಲ್ಲ. 10ನೇ ಅಧ್ಯಾಯದ ಲಾಬ್‌ಸ್ಟರ್ ಅನ್ನೂ ದೊಡ್ಡ ಸೀಗಡಿಗಳ ಕುಣಿತ ನನಗಂತೂ ಬ್ಯಾಸರ. ಮತ್ತ ವಾಟ್ಸಾಪಿನ್ಯಾಗ ಬೆಕ್ಕಿನ ಹೆಸರಲೇ "ಎಲ್ಲಿಗೆ ಹೋಗಬೇಕಂತ ಗೊತ್ತಿಲ್ಲಂದ್ರ ಯಾವ ದಾರಿ ಆದ್ರೂ ಮುಟ್ಟಸತೈತಿ" ಅಂತ ಸುವಿಚಾರ ಬರತೈತಲ್ಲ, ಆ ಸಾಲು ಹಂಗ ಪುಸ್ತಕದಾಗ ಇಲ್ಲ, ಅಲ್ಲಿರೂದು ಇದಕ್ಕಿಂತ ಮಜಾದ ಜಗಳ.

ಜನ ಎಷ್ಟ ಹಚ್ಚಿಕೊಂಡಾರ ಅಂದ್ರಲ್ಲ. ಆ ಕೈಬರಹದ ಪ್ರತಿನ ಆಲಿಸ್ ಅಜ್ಜಿ ಆದ ಮ್ಯಾಲೆ 1928ರಾಗ ಲಿಲಾವಿಗೆ ಇಟ್ಲು, ಗಂಡ ತೀರಿಕೊಂಡು ರೊಕ್ಕದ ಅಡಚಣಿ ಇತ್ತು. 15,400 ಪೌಂಡಿಗೆ ಹೋತು, ಅಮೆರಿಕಾದಾಂವ ಒಯ್ದ. 1948ರಾಗ ಅಮೆರಿಕಾದ ಮಂದಿನ ರೊಕ್ಕ ಕೂಡಿಸಿ ಕೊಂಡು ಬ್ರಿಟನ್ನಿಗೆ ತಿರುಗಿ ಕೊಟ್ರು, ಯುದ್ಧದಾಗ ತಡಕೊಂಡು ನಿಂತದ್ದಕ್ಕ ಅಂತ. ಈಗ ಬ್ರಿಟಿಷ್ ಲೈಬ್ರರಿಯೊಳಗೈತಿ.

ನನ್ನ ಹರಕ ಪ್ರತಿ ಕತಿ ಇಷ್ಟ ಚಂದ ಇಲ್ಲ. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಮುಳುಗಡೆ ಆದಾಗ ನವನಗರಕ್ಕ ಬಂದ್ವಿ, ಭಾಂಡೆ ಸಾಮಾನು, ಬಾಗಿಲ ಚೌಕಟ್ಟ ಸುದ್ದಾ ಕಿತಗೊಂಡು ಬಂದ್ವಿ, ಆ ಪುಸ್ತಕ ಎಲ್ಲಿ ಹೋತೋ. ಮೊನ್ನೆ ಹಿನ್ನೀರಿನ ದಂಡಿಗೆ ನಿಂತು ನಮ್ಮ ಮನಿ ಅಲ್ಲಿತ್ತು ನೋಡವ್ವಾ ಅಂತ ಬೆರಳ ಮಾಡಿದ್ರ ನಮ್ಮ ಸೊಸಿ, "ಹಂಗಾದ್ರ ಮಾಮಾ, ಪಾಪಚ್ಚಿ ನಿಮ್ಮ ಅಂಗಳದಾಗ ಅದಾಳ ಅನ್ನು" ಅಂದ್ಲು. ನಾ ಏನೂ ಅನ್ನಲಿಲ್ಲ.

ನಿಮ್ಮ ಮಗಳಿಗೆ ಓದಿಸಬ್ಯಾಡ್ರಿ, ನೀವ ಓದಿ ಹೇಳ್ರಿ, ನಿಮ್ಮ ಮನಿ ಮಾತಿನ್ಯಾಗ. ಒಂದನೇ ಅಧ್ಯಾಯದಿಂದ ಶುರು ಮಾಡಬೇಕಂತ ಏನಿಲ್ಲ, 7ನೇದು ಹಿಡೀರಿ, ಆ ಹುಚ್ಚರ ಚಹಾದ್ದು, ವ್ಯಾಳ್ಯಾ ಆರಕ್ಕ ನಿಂತು ಯಾವಾಗಲೂ ಚಹಾದ ಹೊತ್ತ ಇರೂದು. ಅದರಾಗ ಟೊಪಗಿಯಾಂವ ಒಂದು ಒಗಟ ಕೇಳ್ತಾನ, ಕಾಗಿಗೂ ಬರಿಯೂ ಮೇಜಿಗೂ ಏನ ಹೋಲಿಕಿ ಅಂತ, ಕೇಳಿ ಉತ್ತರ ನನಗೂ ಗೊತ್ತಿಲ್ಲ ಅಂತಾನ. ಜನ ಬಿಡಲಿಲ್ಲ, ಕೇಳಿ ಕೇಳಿ ಸಾಕಾಗಿ ಡಾಡ್ಜ್‌ಸನ್ 1896ರ ಮುನ್ನುಡಿಯೊಳಗ ಒಂದು ಉತ್ತರ ಕೊಟ್ಟ, ಆದ್ರ ಮೊದಲು ಉತ್ತರ ಇರಲೇ ಇಲ್ಲ ಅಂತನೂ ಅಲ್ಲೇ ಒಪಗೊಂಡ. ನಮ್ಮ ಸೊಸಿ ಎರಡ ಮಿನಿಟಿನ್ಯಾಗ ಹೇಳಿದ್ಲು, "ಎರಡಕ್ಕೂ ಮಸಿ ಹತ್ತೇತಿ". ನಿಮ್ಮಾಕಿ ಏನಂತಾಳ ಕೇಳಿ ಕೆಳಗ ಬರೀರಿ.