ಕರಾರು ಬರೆಯಲು ಕಲಿಯುವುದೆಲ್ಲಿ?

ಪ್ರಶ್ನೆ: ದಾವಣಗೆರೆಯಲ್ಲಿ ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ. ಕಂಪನಿ, ವಾಣಿಜ್ಯ ವ್ಯವಹಾರಗಳ ವಕೀಲಿಕೆ ಮಾಡುವ ಆಸೆ. ಸೆಕ್ಷನ್‌ಗಳೆಲ್ಲ ಬಾಯಿಪಾಠ, ಆದರೆ ಒಂದು ಕರಾರು ಬರೆ ಎಂದರೆ ಕೈ ಓಡುವುದಿಲ್ಲ. ಇದನ್ನು ಕಲಿಯಲು ಬೆಂಗಳೂರಿಗೇ ಹೋಗಬೇಕಾ ಮೇಡಂ?
– ವಿದ್ಯಾರ್ಥಿನಿ, ವಿದ್ಯಾನಗರ

ಉತ್ತರ: ಬೆಂಗಳೂರಿಗೆ ಆಮೇಲೆ ಹೋಗುವಿರಂತೆ. ಮೊದಲು ನಮ್ಮ ಎಪಿಎಂಸಿ ಯಾರ್ಡಿಗೆ ಹೋಗಿ, ಮೆಕ್ಕೆಜೋಳ ಬರುವ ಕಾಲದಲ್ಲಿ ಒಂದು ಬೆಳಗ್ಗೆ ನಿಂತು ನೋಡಿ. ವ್ಯಾಪಾರ ಗೊತ್ತಿಲ್ಲದವರು ಬರೆದ ಕರಾರು ಜಗಳ ಬಂದ ದಿನ ಕೈಕೊಡುತ್ತದೆ.

ನನ್ನ ಜೂನಿಯರ್‌ಗಳಿಗೆ ಮೊದಲು ಕೊಡುವ ಕೆಲಸ ಇದು: ಇಲ್ಲಿನ ವರ್ತಕರೊಬ್ಬರು ಹೊರ ಜಿಲ್ಲೆಯ ಕೋಳಿ ಆಹಾರದ ಕಾರ್ಖಾನೆಗೆ ಮೆಕ್ಕೆಜೋಳ ಕಳಿಸುತ್ತಾರೆ, ಕರಾರು ಬರೆಯಿರಿ. ಹೆಚ್ಚಿನವರು 'ಉತ್ತಮ ಗುಣಮಟ್ಟದ ಮೆಕ್ಕೆಜೋಳ' ಎಂದು ಬರೆದು ಮುಂದೆ ಹೋಗುತ್ತಾರೆ. ಉತ್ತಮ ಎಂದರೆ ಏನು? ತೇವಾಂಶ ಶೇ 14 ಮೀರಬಾರದು ಎಂದಿದ್ದರೆ, ಅಳೆಯುವುದು ಯಾರ ಮೀಟರಿನಲ್ಲಿ? ಇಲ್ಲಿ ಲೋಡ್ ಮಾಡುವಾಗಲೋ, ಅಲ್ಲಿ ಗೇಟಿನಲ್ಲೋ? ಮಳೆಗೆ ಲಾರಿ ದಾರಿಯಲ್ಲಿ ನಿಂತು ಶೇ 16 ಆದರೆ ಲೋಡ್ ವಾಪಸೋ, ದರ ಕಡಿತವೋ? ಕಡಿತವಾದರೆ ಯಾವ ಲೆಕ್ಕ? ಸ್ಯಾಂಪಲ್ ಚೀಲಕ್ಕೆ ಯಾರ ಸೀಲು, ತೂಕ ಯಾವ ವೇಬ್ರಿಡ್ಜಿನದು? ಇಷ್ಟು ಬರೆದರೆ ಅರ್ಧ ಕರಾರು ಮುಗಿದಂತೆ. ತಡವಾದರೆ ಇಂತಿಷ್ಟು ದಂಡ ಎಂದು ಸೇರಿಸುವಾಗ ಕಾಂಟ್ರ್ಯಾಕ್ಟ್ ಆ್ಯಕ್ಟಿನ 74ನೇ ಸೆಕ್ಷನ್ ನೆನಪಿರಲಿ. ಬರೆದ ಮೊತ್ತ ಮೇಲ್ಮಿತಿ ಮಾತ್ರ. ಕೋರ್ಟು ಕೊಡುವುದು ಅದರೊಳಗೆ ನ್ಯಾಯವೆನಿಸಿದ ಪರಿಹಾರ.

ಬರೆದಾದ ಮೇಲೆ ವರ್ತಕರನ್ನು ಕೂರಿಸಿಕೊಂಡು ಸಾಲು ಸಾಲಾಗಿ ಕನ್ನಡದಲ್ಲಿ ವಿವರಿಸಿ. 'ಹಂಗಲ್ರೀ ಮೇಡಂ, ನಾವು ಮಾತಾಡಿದ್ದೇ ಬೇರೆ' ಎಂದು ಅವರು ತಡೆಯುವ ಜಾಗದಲ್ಲೇ ನಿಮ್ಮ ನಿಜವಾದ ಕೆಲಸ ಶುರು. ಇದನ್ನು ಕಾಲೇಜಿನ ಯಾವ ಮೂಟ್ ಕೋರ್ಟೂ (ಅಣಕು ನ್ಯಾಯಾಲಯವೂ) ಕಲಿಸಿದ್ದನ್ನು ನಾನು ಕಂಡಿಲ್ಲ.

ಎದುರಿಗಿರುವವರು ಯಾರೆಂದು ನೋಡುವ ಅಭ್ಯಾಸವೂ ಬೇಕು. ನಮ್ಮೂರಿನ ಮಂಡಿ, ರೈಸ್ ಮಿಲ್‌ಗಳಲ್ಲಿ ಪಾಲುದಾರಿಕೆ ಫರ್ಮುಗಳು ಬಹಳ. ಫರ್ಮು ನೋಂದಣಿಯಾಗಿರದಿದ್ದರೆ, 1932ರ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ಅದು ದಾವೆ ಹೂಡುವಂತಿಲ್ಲ, ಹೊರಗಿನವರು ಅದರ ಮೇಲೆ ಹೂಡಬಹುದು! ಕಕ್ಷಿದಾರರ ಫರ್ಮಿನ ನೋಂದಣಿ ಪತ್ರವನ್ನು ಮೊದಲ ದಿನವೇ ಕೇಳಿ. ಎದುರಿನವರು ಕಂಪನಿಯಾದರೆ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ (ಎಂಸಿಎ) ಜಾಲತಾಣದಲ್ಲಿ ಅಲ್ಪ ಶುಲ್ಕಕ್ಕೆ ಬ್ಯಾಲೆನ್ಸ್ ಶೀಟ್ ಸಿಗುತ್ತದೆ, ಆಸ್ತಿ ಯಾವ ಬ್ಯಾಂಕಿಗೆ ಅಡವಿದೆ ಎನ್ನುವುದೂ ತಿಳಿಯುತ್ತದೆ. ಸಹಿ ಹಾಕುವವರಿಗೆ ಬೋರ್ಡು ಅಧಿಕಾರ ಕೊಟ್ಟ ನಿರ್ಣಯದ ಪ್ರತಿ ಕೇಳಲು ಸಂಕೋಚಪಡಬೇಡಿ.

ಇನ್ನು ವಸೂಲಿ. ವಾಣಿಜ್ಯ ವ್ಯಾಜ್ಯದ ಮೌಲ್ಯ 3 ಲಕ್ಷ ರೂಪಾಯಿ ಮುಟ್ಟಿದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯಿಸುತ್ತದೆ. ತುರ್ತು ಪರಿಹಾರ ಕೇಳದ ದಾವೆಗೆ ಮೊದಲು ಮಧ್ಯಸ್ಥಿಕೆಗೆ (ಮೀಡಿಯೇಷನ್) ಹೋಗಲೇಬೇಕು. ಇದನ್ನು ಹೇಳುವ 12ಎ ಸೆಕ್ಷನ್ ಕಡ್ಡಾಯವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಅಲ್ಲಿ ನಿಮ್ಮ ವಾದಕ್ಕಿಂತ ಲೆಡ್ಜರಿಗೆ ಬೆಲೆ. ಮಿಲ್ಲಿನವರು ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಿದ ಸಣ್ಣ ಉತ್ಪಾದಕರಾಗಿದ್ದರೆ, ಕೊಂಡವರು 45 ದಿನ ಮೀರಿ ಬಾಕಿ ಉಳಿಸಿಕೊಂಡಾಗ 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಿಸುತ್ತದೆ. ಆ ದಿನಗಳನ್ನು ಎಣಿಸಲು ಸರಕು ಮುಟ್ಟಿದ ದಿನಾಂಕದ ದಾಖಲೆ ಕೈಯಲ್ಲಿರಬೇಕು. ಆದ್ದರಿಂದ ಬರುವ ರಜೆಯಲ್ಲಿ ಯಾರಾದರೂ ಆಡಿಟರ ಆಫೀಸಿನಲ್ಲಿ ಕುಳಿತು ಲೆಡ್ಜರ್, ಇ-ವೇ ಬಿಲ್ (ಸರಕು ಸಾಗಣೆಯ ದಾಖಲೆ), ಜಿಎಸ್‌ಟಿ ರಿಟರ್ನ್ ಮೂರನ್ನೂ ತಾಳೆ ನೋಡುವುದು ಕಲಿಯಿರಿ.