ಶಿಯೋಂಗ್ನು ಒಕ್ಕೂಟ ಅಷ್ಟು ಬಲವಾಗಿ ಬೆಳೆದು ಆಮೇಲೆ ಯಾಕೆ ಒಡೆದುಹೋಯಿತು?

ಚೀನಾದಿಂದ ಬರುತ್ತಿದ್ದ ಸರಕನ್ನು ಹಂಚಿ ಅದು ಬೆಳೆಯಿತು. ಆ ಹಂಚಿಕೆ ಕೆಟ್ಟಾಗ ಒಡೆಯಿತು.

ಶಿಯೋಂಗ್ನು ಅಂದರೆ ಈಗಿನ ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಕುರಿ, ಕುದುರೆ ಮೇಯಿಸುತ್ತಿದ್ದ ಅಲೆಮಾರಿ ಬುಡಕಟ್ಟುಗಳ ಕೂಟ. ಕ್ರಿ.ಪೂ. 209ರಲ್ಲಿ ಮೋದು ಎಂಬವನು ಅಪ್ಪನನ್ನೇ ಕೊಂದು ದೊರೆಯಾದ, ಅಕ್ಕಪಕ್ಕದ ಬುಡಕಟ್ಟುಗಳನ್ನೂ ಸೋಲಿಸಿ ಸೇರಿಸಿಕೊಂಡ. ಕ್ರಿ.ಪೂ. 200ರಲ್ಲಿ ಅವನ ಕುದುರೆ ಸೈನ್ಯ ಆಗ ಚೀನಾ ಆಳುತ್ತಿದ್ದ ಹಾನ್ ವಂಶದ ಚಕ್ರವರ್ತಿಯನ್ನೇ ಏಳು ದಿನ ಸುತ್ತುವರಿದಿತ್ತು. ಆಮೇಲೆ ಚೀನಾ ಪ್ರತಿ ವರ್ಷ ರೇಷ್ಮೆ, ಧಾನ್ಯ, ಮದ್ಯ ಕಳಿಸಲು ಒಪ್ಪಿತು.

ಗುಟ್ಟು ಇರುವುದು ಇಲ್ಲೇ. ಕುರಿ, ಕುದುರೆ ಎಲ್ಲರ ಹತ್ತಿರವೂ ಇರುತ್ತವೆ, ಅಲ್ವಾ? ರೇಷ್ಮೆ ಮಾತ್ರ ದೊರೆಯ ಕೈಯಿಂದಲೇ ಬರಬೇಕು. ಅದನ್ನು ಪಡೆದ ನಾಯಕರು ಅವನ ಜೊತೆ ನಿಂತರು. ಸಿಟ್ಟು ಬಂದರೆ ಹಿಂಡು ಹೊಡೆದುಕೊಂಡು ಬೇರೆ ಕಡೆ ಹೋಗುವ ಜನರನ್ನು ಬರೀ ಹೆದರಿಸಿ ಹಿಡಿದಿಡುವುದು ಕಷ್ಟ.

ಕ್ರಿ.ಪೂ. 133ರ ನಂತರ ಚಕ್ರವರ್ತಿ ವೂ ಕಾಣಿಕೆ ಬಿಟ್ಟು ಯುದ್ಧಕ್ಕಿಳಿದ. ಕ್ರಿ.ಪೂ. 119ರ ಹೊತ್ತಿಗೆ ಶಿಯೋಂಗ್ನು ಗೋಬಿ ಮರುಭೂಮಿಯ ಉತ್ತರಕ್ಕೆ ಸರಿಯಬೇಕಾಯಿತು. ಯುದ್ಧಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟಿದ್ದು ಒಳಜಗಳ ಅಂತ ನನಗನ್ನಿಸುತ್ತದೆ. ಕ್ರಿ.ಪೂ. 57ರಲ್ಲಿ ಪಟ್ಟಕ್ಕಾಗಿ ಒಟ್ಟಿಗೇ ಐವರು ಬಡಿದಾಡಿದರು. ಅವರಲ್ಲೊಬ್ಬ, ಹುಹನ್ಯೆ, ಕ್ರಿ.ಪೂ. 51ರಲ್ಲಿ ಹಾನ್ ಆಸ್ಥಾನಕ್ಕೆ ಬಂದು ತಲೆಬಾಗಿದ. ಚೀನಾ ಅವನಿಗೆ ಚಿನ್ನ, ರೇಷ್ಮೆ, ಧಾನ್ಯ ಕೊಟ್ಟಿತು. ಅದೇ ಸರಕಿನ ಬಲದಲ್ಲಿ ಅವನು ಮತ್ತೆ ಜನರನ್ನು ಕೂಡಿಸಿದ!

ಕ್ರಿ.ಶ. 48ರಲ್ಲಿ ಕೂಟ ಉತ್ತರ, ದಕ್ಷಿಣ ಎಂದು ಪೂರ್ತಿ ಎರಡಾಯಿತು. ದಕ್ಷಿಣದವರು ಹಾನ್ ಪರ ನಿಂತರು. ಕ್ರಿ.ಶ. 89ರಲ್ಲಿ ಇಬ್ಬರೂ ಸೇರಿ ಉತ್ತರದವರನ್ನು ಮುರಿದರು.